ಕೋಶ ಓದಿ, ದೇಶ ಸುತ್ತಿ, ಕುಂಚ ಹಿಡಿದ ಜಪಾನಿನ ಒಬ್ಬ ಮೇಷ್ಟ್ರು

(ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಮಹೋತ್ಸವ ಸಮಿತಿಯವರು ಫೋನ್ ಮಾಡಿ, "ನೀವು ಚಿತ್ರಕಲಾ ಶಿಕ್ಷಕರಾಗಿದ್ದವರು, ಚಿತ್ರಕಲೆಯ ಬಗ್ಗೆ ಇಪ್ಪತ್ತು ನಿಮಿಷ ಏನಾದರೂ ಮಾತಾಡಿ" ಎಂದರು. ನಾನು ಜಪಾನ್ ದೇಶದ ಒಬ್ಬ ಚಿತ್ರಕಾರರ ವಿಷಯ ಹೇಳುತ್ತೇನೆ ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ನಮ್ಮೂರ ಶಾಲೆಯ ಹಬ್ಬಕ್ಕೂ ಜಪಾನಿಗೂ ಏನು ಸಂಬಂಧ ಎಂದು ನೀವೂ ಕೇಳಬಹುದು. ಸಂಬಂಧ ಇರುವುದು ನನ್ನ ಕಿವಿಯ ಮೂಲಕ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಾನು ಈ ಶಾಲೆಗೆ ಎಂಟನೇ ತರಗತಿಗೆ ಸೇರಿದಾಗ ಶಾಲೆಗೆ ಎರಡೇ ವರ್ಷ. ಒಂದು ಕೋಣೆಗೆ ಹೆಂಚು, ಇನ್ನೊಂದಕ್ಕೆ ತೆಂಗಿನ ಗರಿ. ಚಿಕ್ಕಂದಿನಲ್ಲಿ ಕಿವಿ ಸೋರಿ ಸೋರಿ ನನಗೆ ಅರ್ಧಂಬರ್ಧ ಕೇಳಿಸುತ್ತಿತ್ತು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಎತ್ತರ ಇದ್ದೆನೆಂದು ಹಿಂದಿನ ಬೆಂಚಿನಲ್ಲಿ ಕೂರಿಸಿದ್ದರು. ಪ್ರಶ್ನೆ ಒಂದು ಕೇಳಿದರೆ ಉತ್ತರ ಇನ್ನೊಂದು ಹೇಳುತ್ತಿದ್ದೆ. ತರಗತಿಯೆಲ್ಲ ನಗುತ್ತಿತ್ತು. ಅರ್ಧ ವಾರ್ಷಿಕ ಪರೀಕ್ಷೆಯ ಹೊತ್ತಿಗೆ ನಾನು ದಡ್ಡ ಎಂದು ಊರಿಗೆಲ್ಲ ಗೊತ್ತಾಗಿತ್ತು, ನನಗೂ ಗೊತ್ತಾಗಿತ್ತು. ಆಗ ನಮ್ಮ ಡ್ರಾಯಿಂಗ್ ಮೇಷ್ಟ್ರು ಒಂದು ದಿನ ನನ್ನ ಹಿಂದೆ ನಿಂತು ಮೆಲ್ಲಗೆ ಹೆಸರು ಕರೆದರಂತೆ. ನಾನು ತಿರುಗಲಿಲ್ಲ. ಮರುದಿನ ನನ್ನನ್ನು ಮುಂದಿನ ಬೆಂಚಿಗೆ ತಂದು ಕೂರಿಸಿದರು. ಉಳಿದ ಮೇಷ್ಟ್ರುಗಳಿಗೂ ಹೇಳಿದರು. ನಾನು ಇವತ್ತು ಈ ಮೈಕಿನ ಮುಂದೆ ನಿಂತಿರುವುದಕ್ಕೆ ಆ ಒಂದು ದಿನವೇ ಕಾರಣ.

ಮುಂದೆ ನಾನೂ ಡ್ರಾಯಿಂಗ್ ಮೇಷ್ಟ್ರಾಗಲು ಹೊರಟೆ. ತರಬೇತಿಯ ಕಾಲದಲ್ಲಿ ಗ್ರಂಥಾಲಯದ ಒಂದು ದಪ್ಪ ಪುಸ್ತಕದಲ್ಲಿ ಬೆಟ್ಟದ ಚಿತ್ರವೊಂದನ್ನು ಕಂಡೆ. ಮಸಿಯಲ್ಲಿ ಬರೆದದ್ದು. ಕಪ್ಪೆಂದರೆ ಅಡುಗೆಮನೆಯ ಗೋಡೆಯಂಥ ಕಪ್ಪು. ನಡುನಡುವೆ ನೀಲಿ, ಹಸಿರು, ಒಂದೆರಡು ಚುಕ್ಕೆ ಕೆಂಪು. ಬೆಟ್ಟದ ಮಡಿಲಲ್ಲಿ ಬೆರಳಿನ ಉಗುರಿನಷ್ಟು ದೊಡ್ಡದೊಂದು ಗುಡಿಸಲು, ಅದರೊಳಗೆ ಪುಸ್ತಕ ಓದುತ್ತ ಕೂತ ಒಬ್ಬ ಮುದುಕ. ಮೇಲುಗಡೆ ಸಾಲು ಸಾಲಾಗಿ ಚೀನೀ ಅಕ್ಷರಗಳು. ಕೆಳಗೆ ಚಿತ್ರಕಾರರ ಹೆಸರಿತ್ತು: ತೊಮಿಯೋಕ ತೆಸ್ಸಾಯ್. ಪರಿಚಯದಲ್ಲಿ ಬಾಲ್ಯದಿಂದಲೇ ಅವರ ಕಿವಿ ಮಂದವಾಗಿತ್ತು ಎಂಬ ಒಂದು ಸಾಲು. ಆ ಸಾಲನ್ನು ನಾನು ನಾಲ್ಕೈದು ಸಲ ಓದಿದೆ. ಅಲ್ಲಿಂದ ಅವರು ನನ್ನ ಜೊತೆಗೇ ಇದ್ದಾರೆ.

ತೆಸ್ಸಾಯ್ ಸೇರಿದ ಪಂಥಕ್ಕೆ ಜಪಾನಿನಲ್ಲಿ ಬುಂಜಿಂಗ ಎನ್ನುತ್ತಾರೆ. ಬುಂಜಿನ್ ಎಂದರೆ ಸಾಹಿತಿ, ವಿದ್ವಾಂಸ. ಗ ಎಂದರೆ ಚಿತ್ರ. ವಿದ್ವಾಂಸರು ಬರೆದ ಚಿತ್ರ ಎಂದು ಅರ್ಥ. ಇದರ ಮೂಲ ಚೀನಾದಲ್ಲಿದೆ. ಅಲ್ಲಿ ಓದಿದ ಅಧಿಕಾರಿಗಳು, ಕವಿಗಳು ಅರಮನೆಯ ಅಪ್ಪಣೆಗಾಗಿ ಅಲ್ಲದೆ, ಹೊಟ್ಟೆಪಾಡಿಗಾಗಿಯೂ ಅಲ್ಲದೆ, ತಮ್ಮ ಮನಸ್ಸಿನ ತೃಪ್ತಿಗೆ, ಗೆಳೆಯರಿಗೆ ಕೊಡುವುದಕ್ಕೆ ಚಿತ್ರ ಬರೆಯುತ್ತಿದ್ದರು. ಅವರಿಗೆ ಕವಿತೆ, ಅಕ್ಷರ, ಚಿತ್ರ ಮೂರೂ ಒಂದೇ ಕುಂಚದ ಕೆಲಸ. ಚಿತ್ರದಲ್ಲಿ ಮರ ಮರದ ಹಾಗೆಯೇ ಇದೆಯೇ ಎಂಬುದಕ್ಕಿಂತ, ಬರೆದವನ ಮನಸ್ಸು ಅದರಲ್ಲಿ ಇದೆಯೇ ಎಂಬುದು ಮುಖ್ಯ.

ಇದು ಜಪಾನಿನಲ್ಲಿ ಬೇರು ಬಿಟ್ಟದ್ದು 18ನೆಯ ಶತಮಾನದಲ್ಲಿ. ಆಗ ಜಪಾನ್ ಹೊರಗಿನವರಿಗೆ ಬಾಗಿಲು ಹಾಕಿಕೊಂಡಿತ್ತು. ನಾಗಸಾಕಿ ಬಂದರಿನಲ್ಲಿ ಡಚ್ಚರಿಗೆ ಮತ್ತು ಚೀನೀ ವ್ಯಾಪಾರಿಗಳಿಗೆ ಮಾತ್ರ ಪ್ರವೇಶ. ಜಪಾನೀಯರು ಚೀನಾಕ್ಕೆ ಹೋಗುವಂತಿರಲಿಲ್ಲ. ಹಡಗಿನಲ್ಲಿ ಬಂದ ಪುಸ್ತಕಗಳನ್ನು, ಮರದಚ್ಚಿನಲ್ಲಿ ಮುದ್ರಿಸಿದ ಚಿತ್ರಪಾಠದ ಕೈಪಿಡಿಗಳನ್ನು ನೋಡಿ ನೋಡಿ ಕಲಿತರು. ಹಾಗೆ ಕಲಿತ ದೊಡ್ಡವರು ಇಕೆ ನೊ ತೈಗ ಮತ್ತು ಯೊಸಾ ಬುಸೊನ್. ಬುಸೊನ್ ಹೈಕು ಕವಿಯಾಗಿಯೂ ಪ್ರಸಿದ್ಧರು. 1771ರಲ್ಲಿ ಇವರಿಬ್ಬರೂ ಸೇರಿ ಹಳ್ಳಿವಾಸದ ಅನುಕೂಲಗಳನ್ನೂ ಆನಂದಗಳನ್ನೂ ಕುರಿತು ಪುಟ್ಟ ಪುಟ್ಟ ಚಿತ್ರಗಳನ್ನು ಬರೆದರು. ಅದು ಈಗ ಜಪಾನಿನ ರಾಷ್ಟ್ರೀಯ ನಿಧಿ. ನೊಬೆಲ್ ಪ್ರಶಸ್ತಿ ಪಡೆದ ಕಾದಂಬರಿಕಾರ ಯಸುನಾರಿ ಕವಾಬಾಟ ಅದನ್ನು ಕೊಂಡು ಕಾಪಾಡಿದ್ದರು. ಈ ಪರಂಪರೆಯ ಕೊನೆಯ ದೊಡ್ಡ ಹೆಸರು ನಮ್ಮ ತೆಸ್ಸಾಯ್.

ಅವರು ಹುಟ್ಟಿದ್ದು ಕ್ಯೋಟೊ ನಗರದಲ್ಲಿ, 1837ರ ಜನವರಿಯಲ್ಲಿ. ಅಲ್ಲಿನ ಹಳೆಯ ಪಂಚಾಂಗದ ಪ್ರಕಾರ ಅದು ಹನ್ನೆರಡನೆಯ ತಿಂಗಳ 19ನೆಯ ದಿನ. ಈ ತಿಥಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ. ಮನೆತನದ ಕಸುಬು ಬೌದ್ಧ ಸನ್ಯಾಸಿಗಳ ನಿಲುವಂಗಿ ಮಾರುವುದು. ಅಂಗಡಿಯ ಕೆಲಸಕ್ಕೆ ಗಿರಾಕಿಯ ಮಾತು ಕೇಳಿಸಬೇಕಲ್ಲ, ಈ ಹುಡುಗನಿಗೆ ಕೇಳಿಸದು. ಅವನನ್ನು ಓದಿಗೆ ಹಾಕಿದರು. ಜಪಾನಿನ ಹಳೆಯ ಗ್ರಂಥಗಳು, ಕನ್ಫ್ಯೂಷಿಯಸ್ಸನ ನೀತಿಶಾಸ್ತ್ರ, ಬೌದ್ಧ ಗ್ರಂಥಗಳು, ಕವಿತೆ ಎಲ್ಲವನ್ನೂ ಓದಿದ. ಚಿತ್ರವನ್ನೂ ಅವರಿವರ ಹತ್ತಿರ ಕಲಿತ. ಆದರೆ ಯಾವುದೇ ಒಬ್ಬ ಚಿತ್ರಕಾರರ ಮನೆಯಲ್ಲಿ ಶಿಷ್ಯನಾಗಿ ವರ್ಷಗಟ್ಟಲೆ ಕೂರಲಿಲ್ಲ.

ಇಪ್ಪತ್ತರ ಆಸುಪಾಸಿನಲ್ಲಿ ಈ ಹುಡುಗನಿಗೆ ಒಬ್ಬ ತಾಯಿ ಸಿಕ್ಕಿದರು. ಹೆಸರು ಒತಗಾಕಿ ರೆಂಗೆತ್ಸು. ಗಂಡನನ್ನೂ ಮಕ್ಕಳನ್ನೂ ಕಳೆದುಕೊಂಡು ಬೌದ್ಧ ಸನ್ಯಾಸಿನಿಯಾದ ಹೆಂಗಸು. ಆಗ ಅವರಿಗೆ ಅರವತ್ತು ದಾಟಿತ್ತು. ಕೈಯಿಂದಲೇ ಮಣ್ಣು ಮಿದಿದು ಚಹಾದ ಪಾತ್ರೆ ಮಾಡಿ, ಅದರ ಮೇಲೆ ತಮ್ಮದೇ ಕವಿತೆ ಕೊರೆದು, ಸುಟ್ಟು ಮಾರಿ ಬದುಕುತ್ತಿದ್ದರು. ಒಂದು ಮನೆಯಲ್ಲಿ ನೆಲೆ ನಿಲ್ಲುತ್ತಿರಲಿಲ್ಲ, ಮನೆ ಬದಲಿಸುವುದರಲ್ಲಿ ಹೆಸರುವಾಸಿ. ಹುಡುಗ ತೆಸ್ಸಾಯ್ ಅವರ ಜೊತೆ ಇದ್ದು ಮಣ್ಣು ಹೊತ್ತು, ಕೆಲಸಕ್ಕೆ ಕೈ ಹಚ್ಚಿದರು. ಮುಂದೆ ಅವರು ಬರೆದ ಚಿತ್ರಗಳ ಮೇಲೆ ಆ ತಾಯಿ ತಮ್ಮ ಕವಿತೆ ಬರೆದುಕೊಡುತ್ತಿದ್ದರು. ಹೆಸರಿಲ್ಲದ ಹುಡುಗನ ಚಿತ್ರದ ಮೇಲೆ ಹೆಸರಾದ ಕವಿಯ ಕೈಬರಹ ಇದ್ದರೆ ಜನ ಒಂದು ಗಳಿಗೆ ನಿಂತು ನೋಡುತ್ತಾರೆ. ಅವರಿಬ್ಬರ ಕೈ ಕೂಡಿದ ಚಿತ್ರಗಳು ಇವತ್ತಿಗೂ ಉಳಿದಿವೆ.

1861ರಲ್ಲಿ ತೆಸ್ಸಾಯ್ ನಾಗಸಾಕಿಗೆ ಹೋಗಿ ಚೀನೀ ಶೈಲಿಯ ಚಿತ್ರಗಳನ್ನು ಕಂಡು ಬಂದರು. ಮರಳಿ ಕ್ಯೋಟೊದಲ್ಲಿ ಒಂದು ಪಾಠಶಾಲೆ ತೆರೆದರು. 1868ರಲ್ಲಿ ಜಪಾನಿನ ಆಡಳಿತವೇ ಬದಲಾಯಿತು. ಶೋಗನ್ನರ ಆಳ್ವಿಕೆ ಹೋಗಿ ಚಕ್ರವರ್ತಿಯ ಸರ್ಕಾರ ಬಂತು. ಆಮೇಲೆ ತೆಸ್ಸಾಯ್ ಊರೂರು ಅಲೆದರು. 1874ರಲ್ಲಿ ಉತ್ತರದ ತುದಿಯ ಹೊಕ್ಕೈಡೊ ದ್ವೀಪಕ್ಕೆ ಹೋಗಿ ಅಲ್ಲಿನ ಮೂಲನಿವಾಸಿಗಳಾದ ಐನು ಜನರ ಬದುಕನ್ನು ನೋಡಿದರು. 1875ರಲ್ಲಿ ಫುಜಿ ಪರ್ವತ ಹತ್ತಿದರು. 1876ರಿಂದ ಶಿಂಟೊ ದೇವಾಲಯಗಳಲ್ಲಿ ಅರ್ಚಕರಾಗಿದ್ದರು. ಹಾಳು ಸುರಿಯುತ್ತಿದ್ದ ಗುಡಿಗಳನ್ನು ಎತ್ತಿ ನಿಲ್ಲಿಸಲು ಶ್ರಮಪಟ್ಟರು. 1881ರಲ್ಲಿ ಅಣ್ಣ ತೀರಿಕೊಂಡಾಗ ಆ ಕೆಲಸ ಬಿಟ್ಟು, ಮುದಿ ತಾಯಿಯನ್ನು ನೋಡಿಕೊಳ್ಳಲು ಕ್ಯೋಟೊಗೆ ವಾಪಸಾದರು. ಮುಂದೆ ಕೊನೆಯವರೆಗೂ ಅಲ್ಲೇ.

ಕೋಶ ಓದು, ದೇಶ ಸುತ್ತು ಎಂದು ನಮ್ಮಲ್ಲಿ ಹಿರಿಯರು ಹೇಳುತ್ತಾರಲ್ಲ, ಚೀನಾದ ವಿದ್ವಾಂಸ ಚಿತ್ರಕಾರರಲ್ಲೂ ಅದೇ ನಿಯಮ ಇತ್ತು. ಸಾವಿರಾರು ಪುಸ್ತಕ ಓದಿ, ಸಾವಿರಾರು ಹರದಾರಿ ನಡೆದವನಿಗೆ ಮಾತ್ರ ಕುಂಚ ಹಿಡಿಯುವ ಹಕ್ಕು. ತೆಸ್ಸಾಯ್ ಅದನ್ನು ಅಕ್ಷರಶಃ ಪಾಲಿಸಿದರು. ತಮ್ಮನ್ನು ಚಿತ್ರಕಾರ ಎಂದರೆ ಅವರಿಗೆ ಇಷ್ಟವಾಗುತ್ತಿರಲಿಲ್ಲ. ತಾವು ವಿದ್ವಾಂಸ, ಚಿತ್ರ ಅದರ ಜೊತೆ ಬಂದದ್ದು ಎನ್ನುತ್ತಿದ್ದರು. ನನ್ನ ಚಿತ್ರ ನೋಡುವುದಾದರೆ ಮೊದಲು ಮೇಲಿನ ಬರಹ ಓದಿ ಎಂಬುದು ಅವರ ಒತ್ತಾಯವಾಗಿತ್ತು.

ಕಾಲ ಮಾತ್ರ ಅವರ ಕಡೆ ಇರಲಿಲ್ಲ. ಹೊಸ ಸರ್ಕಾರ ಎಲ್ಲದರಲ್ಲೂ ಪಶ್ಚಿಮದ ಕಡೆ ನೋಡುತ್ತಿತ್ತು. ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಲು ಬಂದಿದ್ದ ಅಮೆರಿಕದ ಅರ್ನೆಸ್ಟ್ ಫೆನೊಲೋಸ 1882ರಲ್ಲಿ ಒಂದು ಭಾಷಣ ಮಾಡಿದರು. ಜಪಾನೀ ಚಿತ್ರಕಲೆ ದೊಡ್ಡದು, ಅದನ್ನು ಬಿಡಬೇಡಿ ಎಂದು ಹೇಳಿದವರು ಅವರೇ. ಆದರೆ ಈ ವಿದ್ವಾಂಸರ ಚಿತ್ರಗಳನ್ನು ಮಾತ್ರ ಅವರು ಒಪ್ಪಲಿಲ್ಲ. ಇದು ಸಾಹಿತ್ಯದ ಹಿಂದೆ ಹೋದ ಕೆಲಸ, ಚಿತ್ರವಲ್ಲ ಎಂಬುದು ಅವರ ಆಕ್ಷೇಪ. ಆಮೇಲೆ ಬುಂಜಿಂಗಕ್ಕೆ ಬೆಲೆ ಇಳಿಯಿತು. ಆ ಆಕ್ಷೇಪದಲ್ಲಿ ಸ್ವಲ್ಪ ನಿಜವೂ ಇದೆ. ನಾಲ್ಕು ಸಾಲು ಚೀನೀ ಕವಿತೆ ಗೀಚಿ, ಕೆಳಗೆ ಎರಡು ಬಿದಿರು ಎಳೆದು ವಿದ್ವಾಂಸ ಎನಿಸಿಕೊಂಡವರು ಆಗ ಬೇಕಾದಷ್ಟು ಜನ ಇದ್ದರು. ತೆಸ್ಸಾಯ್ ವಾದಕ್ಕೆ ಇಳಿಯದೆ ತಮ್ಮ ಪಾಡಿಗೆ ಓದುತ್ತ, ಬರೆಯುತ್ತ ಇದ್ದರು. ಕ್ಯೋಟೊದ ಕಲಾಶಾಲೆಯಲ್ಲಿ 1890ರ ದಶಕದಿಂದ ಸುಮಾರು ಹತ್ತು ವರ್ಷ ಪಾಠ ಹೇಳಿದರು. ಯಾವ ಪಾಠ ಎಂದುಕೊಂಡಿರಿ? ಚಿತ್ರಕಲೆಯಲ್ಲ, ನೀತಿ ಪಾಠ. ಅದಕ್ಕೇ ನಾನು ಅವರನ್ನು ಮೇಷ್ಟ್ರು ಎಂದು ಕರೆಯುವುದು.

ಇನ್ನು ಅವರ ಶೈಲಿಗೆ ಬರುತ್ತೇನೆ. ಎರಡು ಚಿತ್ರಗಳ ಮೂಲಕ ಹೇಳಿದರೆ ಸುಲಭ.

ಮೊದಲನೆಯದು ಫುಜಿ ಪರ್ವತ. 1898ರಲ್ಲಿ ಬರೆದದ್ದು. ಜಪಾನೀ ಮನೆಗಳಲ್ಲಿ ಕೋಣೆಯ ಮರೆಗೆ ನಿಲ್ಲಿಸುವ ಮಡಿಕೆಯ ತೆರೆಗಳಿರುತ್ತವೆ. ಆರಾರು ಮಡಿಕೆಯ ಎರಡು ದೊಡ್ಡ ತೆರೆಗಳ ಮೇಲೆ ಈ ಚಿತ್ರ ಇದೆ. ಬಲಗಡೆಯದರಲ್ಲಿ ದೂರದಿಂದ ಕಾಣುವ ಪೂರ್ತಿ ಪರ್ವತ. ಇದು ಎಲ್ಲರೂ ಬರೆಯುವ ಫುಜಿ. ಎಡಗಡೆಯದರಲ್ಲಿ ಪರ್ವತದ ನೆತ್ತಿ ಮಾತ್ರ. ಜ್ವಾಲಾಮುಖಿಯ ಬಾಯಿ, ಸುತ್ತ ಹಲ್ಲಿನ ಹಾಗೆ ಎದ್ದ ಬಂಡೆಗಳು. ಮೇಲೆ ಹತ್ತಿ ಹೋಗಿ ಏದುಸಿರು ಬಿಟ್ಟು ನಿಂತವನಿಗೆ ಕಾಣುವುದು ಇದೇ. ಪರ್ವತ ಹತ್ತಿದ್ದು 1875ರಲ್ಲಿ, ಈ ತೆರೆ ಬರೆದದ್ದು ಇಪ್ಪತ್ತಮೂರು ವರ್ಷದ ಮೇಲೆ. ಐನು ಜನರ ಬದುಕಿನ ತೆರೆಗಳೂ ಹಾಗೆಯೇ. 1874ರಲ್ಲಿ ನೋಡಿದ್ದನ್ನು 1896ರಲ್ಲಿ ಬರೆದರು. ನೋಡಿದ್ದು ಒಳಗೆ ಕೂತು ಹಣ್ಣಾಗಲು ಅಷ್ಟು ಕಾಲ ಬಿಟ್ಟರು.

ಎರಡನೆಯದು ಚೀನಾದ ಕವಿ ಸು ದೋಂಗ್‌ಪೋ ಅವರ ಚಿತ್ರ. ಇವರು 11ನೆಯ ಶತಮಾನದ ದೊಡ್ಡ ಕವಿ, ಅಧಿಕಾರಿ. ರಾಜಕೀಯದಲ್ಲಿ ಸೋತು ಹಲವು ಸಲ ಗಡೀಪಾರಾದವರು. ಕೊನೆಗೆ ದಕ್ಷಿಣದ ಹೈನಾನ್ ದ್ವೀಪಕ್ಕೆ ತಳ್ಳಿದರು. ಅಲ್ಲಿ ಒಂದು ದಿನ ಗೆಳೆಯರನ್ನು ನೋಡಿ ಬರುವಾಗ ಮಳೆ ಹಿಡಿಯಿತಂತೆ. ರೈತನ ಮನೆಯಲ್ಲಿ ಬಿದಿರಿನ ಟೋಪಿ, ಮರದ ಪಾದುಕೆ ಎರವಲು ಪಡೆದು ಮೆಟ್ಟಿಕೊಂಡು ಕೆಸರಿನಲ್ಲಿ ನಡೆದರು. ಆ ವೇಷ ನೋಡಿ ಹೆಂಗಸರು ಮಕ್ಕಳು ನಕ್ಕರು, ನಾಯಿಗಳು ಬೊಗಳಿದವು. ಅಧಿಕಾರ ಹೋದರೂ ನಗೆ ಹೋಗದ ಆ ಕವಿಯನ್ನು ತೆಸ್ಸಾಯ್ ಮತ್ತೆ ಮತ್ತೆ ಬರೆದರು. ಏಕೆಂದರೆ ಸು ದೋಂಗ್‌ಪೋ ಹುಟ್ಟಿದ್ದೂ ಹನ್ನೆರಡನೆಯ ತಿಂಗಳ 19ನೆಯ ದಿನವೇ! ನಾನು ದೋಂಗ್‌ಪೋ ಹುಟ್ಟಿದ ದಿನದಂದೇ ಹುಟ್ಟಿದವನು ಎಂದು ಒಂದು ಮುದ್ರೆಯನ್ನೇ ಕೆತ್ತಿಸಿಕೊಂಡು ಚಿತ್ರಗಳ ಮೇಲೆ ಒತ್ತುತ್ತಿದ್ದರು. ತಮಾಷೆ ಎಂದರೆ, ತೆಸ್ಸಾಯ್ ಒಮ್ಮೆಯೂ ಚೀನಾಕ್ಕೆ ಹೋಗಲಿಲ್ಲ. ಆ ಬೆಟ್ಟ, ಆ ನದಿ, ಆ ಕವಿಗಳ ಗುಡಿಸಲು ಎಲ್ಲವನ್ನೂ ಪುಸ್ತಕದಲ್ಲೇ ಕಂಡದ್ದು.

ಅವರ ಗೆರೆ ಒರಟು. ಕುಂಚ ಒಣಗಿದ್ದರೂ ಉಜ್ಜುತ್ತಾರೆ, ಮಸಿ ತುಂಬಿದ್ದರೆ ಸುರಿಯುತ್ತಾರೆ. ಒಂದರ ಮೇಲೊಂದು ಮಸಿ ಹಾಕಿ ಬೆಟ್ಟವನ್ನು ಕಟ್ಟುತ್ತಾರೆ. ಬಣ್ಣ ಕಡಿಮೆ, ಆದರೆ ಹಾಕಿದ ಕಡೆ ಉರಿಯುತ್ತದೆ. ಅಂದವಾಗಿ ಕಾಣಲಿ ಎಂಬ ಆಸೆ ಇಲ್ಲ. ನನ್ನ ವಿದ್ಯಾರ್ಥಿಗಳು ಹಾಗೆ ಬರೆದಿದ್ದರೆ ಹತ್ತಕ್ಕೆ ನಾಲ್ಕು ಅಂಕ ಕೊಡುತ್ತಿದ್ದೆನೇನೋ. ಆದರೆ ಐದು ನಿಮಿಷ ನೋಡಿದರೆ ಆ ಗೊಂದಲದ ಒಳಗಿಂದ ದಾರಿ ಕಾಣುತ್ತದೆ, ದಾರಿಯಲ್ಲಿ ಸೇತುವೆ, ಸೇತುವೆಯ ಮೇಲೆ ಒಬ್ಬ ಮನುಷ್ಯ. ಎಷ್ಟು ದೊಡ್ಡ ಬೆಟ್ಟವಾದರೂ ಎಲ್ಲೋ ಒಂದು ಕಡೆ ಓದುವವನೋ, ನಡೆಯುವವನೋ, ಗೆಳೆಯನನ್ನು ಕಾಯುವವನೋ ಇದ್ದೇ ಇರುತ್ತಾನೆ.

ಅವರ ಶ್ರೇಷ್ಠ ಚಿತ್ರಗಳೆಂದು ಬಲ್ಲವರು ಎಣಿಸುವುದು ಎಂಬತ್ತರ ಆಚೆ ಬರೆದವನ್ನು. ಅದು ಸುಖದ ಕಾಲವಲ್ಲ. 1918ರಲ್ಲಿ ಅವರ ಮಗ ಕೆಂಜೊ ತೀರಿಕೊಂಡರು. ಕೆಂಜೊ ಹಳೆಯ ಕಂಚಿನ ಕನ್ನಡಿಗಳ ಅಧ್ಯಯನದಲ್ಲಿ ಹೆಸರಾದ ವಿದ್ವಾಂಸರು, ಕ್ಯೋಟೊ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದವರು. ಎಂಬತ್ತು ದಾಟಿದ ತಂದೆ, ಕಿವಿ ಪೂರ್ತಿ ಹೋಗಿದೆ, ತನ್ನ ಓದನ್ನು ಮುಂದುವರಿಸಬೇಕಾಗಿದ್ದ ಮಗ ಇಲ್ಲ. ಅವರು ಕುಂಚ ಕೆಳಗಿಡಲಿಲ್ಲ. ಆಮೇಲಿನ ಆರು ವರ್ಷಗಳಲ್ಲಿ ಬಂದ ಚಿತ್ರಗಳೇ ಎಲ್ಲಕ್ಕಿಂತ ಧೈರ್ಯದವು, ಎಲ್ಲಕ್ಕಿಂತ ಹೊಳಪಿನವು. ಸಹಿಯ ಪಕ್ಕದಲ್ಲಿ ತಮ್ಮ ವಯಸ್ಸನ್ನೂ ಬರೆಯುತ್ತಿದ್ದರು. 1924ರ ಡಿಸೆಂಬರ್ 31ರಂದು ತೀರಿಕೊಂಡರು. ಜಪಾನಿನ ಹಳೆಯ ಲೆಕ್ಕದಲ್ಲಿ ಅವರಿಗೆ ಎಂಬತ್ತೊಂಬತ್ತು. ಬೆಳಗಾದರೆ ತೊಂಬತ್ತು. ಕೊನೆಗಾಲದಲ್ಲಿ ಅವರನ್ನು ಕಂಡು ಮಾರುಹೋದ ಒಬ್ಬ ಬೌದ್ಧ ಗುರುಗಳು ಅವರ ಚಿತ್ರಗಳನ್ನು ಕೂಡಿಹಾಕಿದರು. ತಕಾರಾಜುಕಾ ಊರಿನ ಸೇಚೋಜಿ ದೇವಾಲಯದಲ್ಲಿ 1975ರಲ್ಲಿ ಅದಕ್ಕಾಗಿಯೇ ಒಂದು ವಸ್ತುಸಂಗ್ರಹಾಲಯವಾಯಿತು. ಫುಜಿ ತೆರೆಗಳೂ ಆ ಸಂಗ್ರಹದಲ್ಲೇ ಇವೆ.

ಬಂಧುಗಳೇ, ಇಷ್ಟೆಲ್ಲ ಹೇಳಿದ ಮೇಲೆ ಒಂದು ತಪ್ಪೊಪ್ಪಿಗೆ ಹೇಳಲೇಬೇಕು. ನಾನು ಮೂವತ್ತಕ್ಕೂ ಹೆಚ್ಚು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದೆ. ಜನವರಿ ಬಂತೆಂದರೆ, "ಹತ್ತನೇ ತರಗತಿಯವರ ನಿಮ್ಮ ಪೀರಿಯಡ್ ನನಗೆ ಕೊಡಿ ಸಾರ್, ಗಣಿತ ಮುಗಿದಿಲ್ಲ" ಎಂದು ಕೇಳುತ್ತಿದ್ದರು. ನಾನು ಸಂತೋಷವಾಗಿ ಕೊಡುತ್ತಿದ್ದೆ. ಚಿತ್ರ ಓದಿನ ಭಾಗವಲ್ಲ ಎಂದು ನಾನೇ ಒಪ್ಪಿಕೊಂಡಂತಾಯಿತು. ಇನ್ನೊಂದು ಇದಕ್ಕಿಂತ ದೊಡ್ಡದು. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಒಬ್ಬಳು ಹುಡುಗಿ ಕರೆದರೂ ತಿರುಗುತ್ತಿರಲಿಲ್ಲ. ಸೊಕ್ಕು ಎಂದುಕೊಂಡೆ. ಇಡೀ ತರಗತಿಯ ಮುಂದೆ ನಿಲ್ಲಿಸಿ ಬೈದೆ. ಮರುವಾರ ಅವಳ ಅಜ್ಜಿ ಬಂದು, "ಮಗೀಗೆ ಒಂದು ಕಿವಿ ಕೇಳಲ್ಲ ಸ್ವಾಮಿ" ಎಂದರು. ಯಾರು ಬೈದದ್ದು? ಇದೇ ಶಾಲೆಯ ಹಿಂದಿನ ಬೆಂಚಿನಿಂದ ಎದ್ದು ಬಂದವನು! ಅವಳನ್ನು ಮುಂದೆ ಕೂರಿಸಿದೆ, ಕ್ಷಮೆಯನ್ನೂ ಕೇಳಿದೆ. ಆದರೆ ಆ ದಿನ ಅವಳ ಮುಖ ಹೇಗಿತ್ತು ಎಂಬುದು ನನಗೆ ಮರೆತಿಲ್ಲ. ಮೇಲಿನ ಬರಹ ಮೊದಲು ಓದಿ ಎಂದ ತೆಸ್ಸಾಯ್ ಮಾತು ನನಗೆ ತಿಳಿದಿತ್ತು. ಚಿತ್ರಕ್ಕೆ ಅನ್ವಯಿಸುತ್ತಿದ್ದೆ, ಮಗುವಿಗೆ ಅನ್ವಯಿಸಲಿಲ್ಲ.

ಕಳೆದ ವರ್ಷ ನಿವೃತ್ತನಾದೆ. ಈಗ ಅರವತ್ತೊಂದು. ಕಿವಿಗೆ ಯಂತ್ರ ಬಂದಿದೆ. ನನ್ನ ಕೆಲಸ ಮುಗಿಯಿತು ಎಂದು ಬಣ್ಣದ ಡಬ್ಬಿಗಳನ್ನು ಅಟ್ಟಕ್ಕೆ ಹಾಕಿದ್ದೆ. ಈ ಭಾಷಣಕ್ಕಾಗಿ ಹಳೆಯ ಟಿಪ್ಪಣಿಗಳನ್ನು ತೆಗೆದು ಲೆಕ್ಕ ಹಾಕಿದೆ. ಫುಜಿ ತೆರೆ ಬರೆದಾಗ ತೆಸ್ಸಾಯ್ ಅವರಿಗೂ ಅರವತ್ತೊಂದು. ಅದಾದ ಮೇಲೆ ಇನ್ನೂ ಇಪ್ಪತ್ತಾರು ವರ್ಷ ಬರೆದರು. ನಾನು ತೆಸ್ಸಾಯ್ ಅಲ್ಲ, ಆಗುವುದೂ ಇಲ್ಲ. ಆದರೆ ಡಬ್ಬಿ ಅಟ್ಟದಿಂದ ಇಳಿದಿದೆ. ನಮ್ಮೂರ ಗುಡ್ಡವನ್ನು ಬಾಲ್ಯದಿಂದ ನೋಡಿದ್ದೇನೆ, ಒಂದು ಸಲವೂ ಬರೆದಿರಲಿಲ್ಲ. ಈಗ ಬರೆಯುತ್ತಿದ್ದೇನೆ.

ಕೊನೆಯದಾಗಿ ಮೂರು ಬಿನ್ನಹ. ಹಳೆಯ ವಿದ್ಯಾರ್ಥಿಗಳು ಶಾಲೆಗೆ ಏನಾದರೂ ಕೊಡಬೇಕೆಂದಿದ್ದಾರೆ. ಕಮಾನಿನ ಜೊತೆಗೆ ಒಂದು ಕಪಾಟು ಪುಸ್ತಕವನ್ನೂ ಕೊಡೋಣ, ಅದಕ್ಕೆ ಬೀಗ ಹಾಕದಿರೋಣ. ಶಿಕ್ಷಕ ಮಿತ್ರರಲ್ಲಿ ಕೇಳುವುದು, ವಾರಕ್ಕೆ ಒಂದಾದರೂ ಚಿತ್ರದ ಪೀರಿಯಡ್ ಚಿತ್ರಕ್ಕೇ ಉಳಿಯಲಿ. ಮತ್ತು ಹಿಂದಿನ ಬೆಂಚಿನಲ್ಲಿ ಕೂತು ತಪ್ಪು ಉತ್ತರ ಹೇಳುವ ಮಗುವನ್ನು ಒಂದು ಸಲ ಬೆನ್ನ ಹಿಂದೆ ನಿಂತು ಮೆಲ್ಲಗೆ ಕರೆದು ನೋಡಿ. ಅದಕ್ಕೆ ಖರ್ಚೇನೂ ಇಲ್ಲ. ನನ್ನ ಮೇಷ್ಟ್ರು ಮಾಡಿದ್ದು ಅಷ್ಟೇ.

ಆ ಮೇಷ್ಟ್ರು ಈಗಿಲ್ಲ. ಗರಿ ಹೊದಿಸಿದ್ದ ಆ ಕೋಣೆಯೂ ಇಲ್ಲ, ಅಲ್ಲೀಗ ಎರಡು ಅಂತಸ್ತಿನ ಕಟ್ಟಡ ಇದೆ. ನಾನು ಕೂರುತ್ತಿದ್ದ ಮುಂದಿನ ಬೆಂಚಿನ ಜಾಗವನ್ನು ನಿನ್ನೆ ಹುಡುಕಿದೆ. ಅಲ್ಲಿ ಈಗ ಮೆಟ್ಟಿಲು ಬಂದಿದೆ. ಒಳ್ಳೆಯದೇ ಆಯಿತು, ಮಕ್ಕಳು ಅದರ ಮೇಲೆ ಕಾಲಿಟ್ಟೇ ಮೇಲಿನ ತರಗತಿಗೆ ಹೋಗುತ್ತಾರೆ.